ದೈವಕರೆ (ಕ್ಯಾಥೋಲಿಕ್ ಕನ್ಯಾಮಠ ಜೀವನ)

ದೈವಕರೆ ಎಂದರೆ ದೇವರು ಪ್ರತಿಯೊಬ್ಬರನ್ನೂ ಒಂದು ಜೀವನಮಾರ್ಗಕ್ಕೆ ಕರೆಯುತ್ತಾನೆ ಎಂಬ ಕ್ರೈಸ್ತ ನಂಬಿಕೆ. ಕ್ಯಾಥೋಲಿಕ್ ಧರ್ಮಸಭೆಯಲ್ಲಿ ಈ ಪದವನ್ನು ವಿಶೇಷವಾಗಿ ಗುರುಗಳ ಹಾಗೂ ಧಾರ್ಮಿಕ ಭಗಿನಿಯರ (ಸಿಸ್ಟರುಗಳ) ಜೀವನದ ಆಯ್ಕೆಗೆ ಬಳಸುತ್ತಾರೆ. ಕರೆ ನಿಜವೇ ಎಂದು ಪ್ರಾರ್ಥನೆ, ಓದು ಮತ್ತು ಹಿರಿಯರ ಮಾರ್ಗದರ್ಶನದಿಂದ ಪರೀಕ್ಷಿಸಿಕೊಳ್ಳುವುದನ್ನು ವಿವೇಚನೆ ಎನ್ನಲಾಗುತ್ತದೆ.

ಪದಬಳಕೆ

ಕರ್ನಾಟಕದ ಜನಬಳಕೆಯಲ್ಲಿ 'ಕಾನ್ವೆಂಟ್' ಎಂದರೆ ಸಾಮಾನ್ಯವಾಗಿ ಇಂಗ್ಲಿಷ್ ಮಾಧ್ಯಮ ಶಾಲೆ. ಮೂಲದಲ್ಲಿ ಅದು ಸಿಸ್ಟರುಗಳು ಒಟ್ಟಾಗಿ ವಾಸಿಸುವ ಮನೆ, ಅಂದರೆ ಕನ್ಯಾಮಠ. ಅವರು ಬ್ರಹ್ಮಚರ್ಯ, ಬಡತನ ಮತ್ತು ವಿಧೇಯತೆ ಎಂಬ ಮೂರು ವ್ರತಗಳನ್ನು ಸ್ವೀಕರಿಸುತ್ತಾರೆ. ಕೆಲವು ಸಂಸ್ಥೆಗಳು ಮಠದೊಳಗಿನ ಧ್ಯಾನ ಜೀವನಕ್ಕೆ ಮೀಸಲಾಗಿದ್ದರೆ, ಇನ್ನು ಕೆಲವು ಶಿಕ್ಷಣ, ಆರೋಗ್ಯ ಮುಂತಾದ ಸೇವೆಗಳಲ್ಲಿ ತೊಡಗಿವೆ.

ಓದಿನ ಪಾತ್ರ

ಭಗಿನಿಯರ ಜೀವನಚರಿತ್ರೆಗಳ ಓದು ಅನೇಕರಲ್ಲಿ ಈ ಆಲೋಚನೆಯನ್ನು ಮೂಡಿಸಿದೆ. ಜರ್ಮನಿಯ ತತ್ತ್ವಶಾಸ್ತ್ರಜ್ಞೆ ಈಡಿತ್ ಸ್ಟೈನ್ 1921ರಲ್ಲಿ ಆವಿಲಾದ ತೆರೇಸಾಳ ಆತ್ಮಕಥೆಯನ್ನು ಓದಿ, 1922ರ ಜನವರಿ 1ರಂದು ಜ್ಞಾನಸ್ನಾನ ಪಡೆದರು. ಆದರೆ ಅವರು ಕಲೋನ್ ನಗರದ ಕಾರ್ಮೆಲ್ ಮಠವನ್ನು ಸೇರಿದ್ದು 1933ರಲ್ಲಿ. ಓದಿಗೂ ಮಠಪ್ರವೇಶಕ್ಕೂ ನಡುವೆ 12 ವರ್ಷಗಳ ಕಾಯುವಿಕೆ ಇತ್ತು.

ಫ್ರಾನ್ಸಿನ ಲಿಸಿಯದ ತೆರೇಸಾ (1873–1897) ಅವರ ಆತ್ಮಕಥೆ 1898ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಓದುಗರನ್ನು ಪಡೆಯಿತು. 'ಕಿರುಪುಷ್ಪ' ಎಂದು ಪ್ರಸಿದ್ಧರಾದ ಅವರಿಗೆ 1925ರಲ್ಲಿ ಸಂತ ಪದವಿ ದೊರೆಯಿತು.

ಕರ್ನಾಟಕದಲ್ಲಿ

ಅಪೊಸ್ತೋಲಿಕ್ ಕಾರ್ಮೆಲ್ ಸಂಸ್ಥೆಯನ್ನು ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್ ನಗರದಲ್ಲಿ ಆರಂಭಿಸಿದರು. ಅದರ ಸಿಸ್ಟರುಗಳು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣದಲ್ಲಿ ತೊಡಗಿದರು. ಆಂಗ್ಲಿಕನ್ ಗುರುವಿನ ಮಗಳಾಗಿದ್ದ ವೆರೋನಿಕಾ 1850ರಲ್ಲಿ ಕ್ಯಾಥೋಲಿಕ್ ಧರ್ಮಸಭೆಯನ್ನು ಸೇರಿದ್ದರು. ಹೊಸ ಸಂಸ್ಥೆಯನ್ನು ಕಟ್ಟುವ ಮೊದಲು ಬೇರೊಂದು ಸಂಸ್ಥೆಯಲ್ಲಿ ಭಗಿನಿಯಾಗಿದ್ದರು.

1921ರಲ್ಲಿ ರೇಮಂಡ್ ಮಸ್ಕರೇನಸ್ ಅವರು ಮಂಗಳೂರಿನ ಬೆಂದೂರಿನಲ್ಲಿ ಸ್ಥಾಪಿಸಿದ ಬೆಥನಿ ಸಂಸ್ಥೆಗೆ ಕಿರುಪುಷ್ಪದ ಹೆಸರಿದೆ. ತೆರೇಸಾ ಮಠದ ಆವರಣದೊಳಗೇ ಬದುಕಿದವರು. ಬೆಥನಿ ಸಿಸ್ಟರುಗಳಾದರೋ ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವವರು. ಆದ್ದರಿಂದ ಪುಸ್ತಕದಲ್ಲಿ ಕಂಡ ಜೀವನವೂ ಸೇರಬಯಸುವ ಸಂಸ್ಥೆಯ ದಿನಚರಿಯೂ ಒಂದೇ ಆಗಿರುವುದಿಲ್ಲ.

ಧಾರವಾಡ ಜಿಲ್ಲೆಯು 1953ರಲ್ಲಿ ರಚನೆಯಾದ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿದೆ. ನವಲಗುಂದ, ಕುಂದಗೋಳ, ಕಲಘಟಗಿಯಂತಹ ತಾಲೂಕುಗಳ ಯುವತಿಗೆ ಪುಸ್ತಕವೇ ಮೊದಲ ಪರಿಚಯವಾಗಬಹುದು. ಮುಂದಿನ ಹೆಜ್ಜೆಯಾಗಿ ಧರ್ಮಕೇಂದ್ರದ ಗುರುಗಳೊಡನೆ ಮಾತನಾಡುವುದು ಹಾಗೂ ಕನ್ಯಾಮಠದಲ್ಲಿ ಕೆಲದಿನ ತಂಗಿ ಅಲ್ಲಿನ ಬದುಕನ್ನು ನೋಡುವುದು ರೂಢಿ.

ಹಂತಗಳು

1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಮುಖ್ಯ ಹಂತಗಳು ಹೀಗಿವೆ:

• ನೊವಿಷಿಯೇಟ್: 17 ವರ್ಷ ತುಂಬಿರಬೇಕು. ಜ್ಞಾನಸ್ನಾನ, ದೃಢೀಕರಣಗಳ ಪ್ರಮಾಣಪತ್ರಗಳು ಬೇಕು. ಅವಧಿ ಕನಿಷ್ಠ 12 ತಿಂಗಳು. ಇದಕ್ಕೆ ಮೊದಲು ಹಲವು ಸಂಸ್ಥೆಗಳಲ್ಲಿ ಪೂರ್ವಸಿದ್ಧತೆಯ ಅವಧಿಯೂ ಇರುತ್ತದೆ.
• ತಾತ್ಕಾಲಿಕ ವ್ರತ: 3ರಿಂದ 6 ವರ್ಷ, ಅಗತ್ಯವಿದ್ದರೆ ಒಟ್ಟು 9 ವರ್ಷದವರೆಗೆ ವಿಸ್ತರಿಸಬಹುದು.
• ನಿತ್ಯವ್ರತ: ಕನಿಷ್ಠ 21 ವರ್ಷ ತುಂಬಿರಬೇಕು.

ಆಯ್ಕೆಯ ಸ್ವಾತಂತ್ರ್ಯ

ಒತ್ತಾಯ, ತೀವ್ರ ಭಯ ಅಥವಾ ವಂಚನೆಯಿಂದ ನಡೆದ ಪ್ರವೇಶವು ಅಸಿಂಧು. ನೊವಿಷಿಯೇಟಿನಲ್ಲಿರುವವರು ಯಾವಾಗ ಬೇಕಾದರೂ ಮನೆಗೆ ಮರಳಬಹುದು. ಯೋಗ್ಯರಲ್ಲವೆಂದು ಕಂಡರೆ ಸಂಸ್ಥೆಯೂ ಅವರನ್ನು ಕಳುಹಿಸಿಕೊಡಬಹುದು. ತಾತ್ಕಾಲಿಕ ವ್ರತದ ಅವಧಿ ಮುಗಿದಾಗಲೂ ಹೊರಬರುವ ಹಕ್ಕಿದೆ. ಹೀಗೆ ಹಿಂದಿರುಗುವುದನ್ನು ಧರ್ಮಸಭೆಯು ಸೋಲೆಂದು ಎಣಿಸುವುದಿಲ್ಲ. ಅದೂ ವಿವೇಚನೆಯ ಒಂದು ಫಲವೇ.