ಧ್ರುವ ದಾಟಿದ ವಿಮಾನ, ಮೈಕ್ರಾನಿನ ಲೆಕ್ಕ

2021ರ ಜನವರಿ 11ರ ಬೆಳಗಿನ ಜಾವ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ನಡುವೆ ಎಲ್ಲಿಯೂ ನಿಲ್ಲದೆ, ಉತ್ತರ ಧ್ರುವದ ಮೇಲಿಂದ ಹಾದು, ಸುಮಾರು 14,000 ಕಿಲೋಮೀಟರ್ ದೂರವನ್ನು ಅದು ಸುಮಾರು 17 ಗಂಟೆಗಳಲ್ಲಿ ಕ್ರಮಿಸಿತ್ತು. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು. ವಿಮಾನವು ಬೋಯಿಂಗ್ 777 ಕುಟುಂಬಕ್ಕೆ ಸೇರಿದ್ದು.

ಶಾಲೆಯ ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಆ ಮಾರ್ಗದ ಮರ್ಮ ತಿಳಿಯುತ್ತದೆ. ಗೋಡೆಯ ನಕ್ಷೆಯಲ್ಲಿ ಸುತ್ತುಬಳಸಾಗಿ ಕಾಣುವ ದಾರಿಯೇ ದುಂಡಗಿನ ಭೂಮಿಯ ಮೇಲೆ ಹತ್ತಿರದ್ದು. ಆದರೆ ಆ ಹಿಮದ ಹರವಿನಲ್ಲಿ ಇಳಿಯಲು ತಕ್ಕ ನಿಲ್ದಾಣಗಳು ವಿರಳ. 777ಕ್ಕೆ ಇರುವುದು ಎರಡೇ ಇಂಜಿನ್. ಒಂದು ನಿಂತುಹೋದರೆ ಇನ್ನೊಂದೇ ನಿಲ್ದಾಣದವರೆಗೆ ಒಯ್ಯಬೇಕು. ಹೀಗೆ ಒಂದೇ ಇಂಜಿನ್ನಿನ ಬಲದಿಂದ 330 ನಿಮಿಷಗಳ ದೂರದಲ್ಲಿರುವ ನಿಲ್ದಾಣವನ್ನು ನೆಚ್ಚಿ ಹಾರಲು ಈ ಕುಟುಂಬದ ಹಲವು ಮಾದರಿಗಳಿಗೆ ಅನುಮತಿ ದೊರೆತಿದೆ.

1994ರ ಜೂನ್ 12ರಂದು ಮೊದಲು ಹಾರಿದ 777, ಮರುವರ್ಷ ಪ್ರಯಾಣಿಕರ ಸೇವೆಗೆ ಬಂದಿತು. ಸಂಪೂರ್ಣವಾಗಿ ಗಣಕಯಂತ್ರದಲ್ಲಿಯೇ ವಿನ್ಯಾಸಗೊಂಡ ಮೊದಲ ಪ್ರಯಾಣಿಕ ಜೆಟ್ ಅದು. ಒಳಗೆ ಎರಡು ನಡುದಾರಿಗಳಿರುವ ವಿಮಾನವನ್ನು ಅಗಲದೇಹದ ವಿಮಾನ ಎನ್ನುತ್ತಾರೆ. 777ರ ಒಡಲಿನ ಅಗಲ 6.2 ಮೀಟರ್, ಎರಡು ಎಸ್‌ಟಿ ಬಸ್ಸುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೂ ಅಷ್ಟಾಗದು. ಸೊಲ್ಲಾಪುರದಿಂದ 2025ರ ಜೂನ್‌ನಲ್ಲಿ ಗೋವೆಗೆ ಸೇವೆ ಆರಂಭಿಸಿದ ಎಟಿಆರ್ 72 ವಿಮಾನದ ಗರಿಷ್ಠ ತೂಕ ಸುಮಾರು 23 ಟನ್. 777-300ಇಆರ್ ಮಾದರಿಯದು 351 ಟನ್, ಅಂದರೆ ಹದಿನೈದು ಪಟ್ಟು.

ಇದೇ ಕುಟುಂಬದಲ್ಲಿ ಹಲವು ಕೆಲಸಗಳಿಗೆ ಹಲವು ರೂಪಗಳಿವೆ. ಬೆಂಗಳೂರಿಗೆ ಬಂದ 200ಎಲ್‌ಆರ್ ಅತಿದೂರದ ಪಯಣಕ್ಕೆ. ಉದ್ದನೆಯ 300ಇಆರ್ ಹೆಚ್ಚು ಪ್ರಯಾಣಿಕರಿಗೆ. ಸರಕು ಮಾದರಿಯು ಒಮ್ಮೆಗೆ ಸುಮಾರು 100 ಟನ್ ಹೊರುತ್ತದೆ. ರಾಷ್ಟ್ರಪತಿ, ಪ್ರಧಾನಿಯವರ ವಿದೇಶ ಪ್ರವಾಸಕ್ಕೂ 2020ರಿಂದ ಎರಡು 777 ವಿಮಾನಗಳಿವೆ. ಪ್ರಯಾಣಿಕ ವಿಮಾನದ ನೆಲಹಾಸಿನ ಕೆಳಗೂ ಬೇಗ ಕೆಡುವ ಹಣ್ಣು, ತುರ್ತಿನ ಔಷಧಗಳು ಸಾಗುತ್ತವೆ.

ಇಂಥ ಒಂದು ವಿಮಾನದಲ್ಲಿ ಸುಮಾರು 30 ಲಕ್ಷ ಬಿಡಿಭಾಗಗಳಿವೆ. ಅವು ಅನೇಕ ದೇಶಗಳ ಕಾರ್ಖಾನೆಗಳಲ್ಲಿ ತಯಾರಾಗಿ ಅಮೆರಿಕದ ಎವರೆಟ್‌ನಲ್ಲಿ ಒಂದುಗೂಡುತ್ತವೆ. ಮಡಿಸಿದ ಚಕ್ರಗಳನ್ನು ಹಾರಾಟದಲ್ಲಿ ಬಿಗಿಯಾಗಿ ಹಿಡಿದಿಡುವ ಕೊಂಡಿಯ ಪೆಟ್ಟಿಗೆಗಳನ್ನು ಬೆಂಗಳೂರಿನ ಎಚ್‌ಎಎಲ್ ತಯಾರಿಸಿಕೊಟ್ಟಿದೆ. ನಾಗಪುರದ ಮಿಹಾನ್‌ನಲ್ಲಿ ಬೋಯಿಂಗ್ ಕಟ್ಟಿಸಿದ ಕೇಂದ್ರದಲ್ಲಿ ಈ ವಿಮಾನಗಳ ತಪಾಸಣೆ, ದುರಸ್ತಿ ನಡೆಯುತ್ತದೆ. ಒಬ್ಬರನ್ನೊಬ್ಬರು ಕಾಣದ ಕೆಲಸಗಾರರು ಮಾಡಿದ ಭಾಗಗಳು ಒಂದಕ್ಕೊಂದು ಕೂಡಬೇಕಾದರೆ ಅವರೆಲ್ಲರ ಅಳತೆ ಒಂದೇ ಆಗಿರಬೇಕು.

ಆ ಅಳತೆಯ ಶಿಸ್ತು ಚಿಂಚೋಳಿ ಎಂಐಡಿಸಿಗೆ ಹೊಸದಲ್ಲ. ಪುಣೆ ಹೆದ್ದಾರಿಯ ಈ ಕೈಗಾರಿಕಾ ವಸಾಹತಿನಲ್ಲಿ ಕಾರುಗಳ ಇಂಜಿನ್ನಿಗೆ ಬೇಕಾದ ಕ್ಯಾಮ್‌ಶಾಫ್ಟ್‌ಗಳು ತಯಾರಾಗುತ್ತವೆ. ಅಲ್ಲಿಯೂ ಲೆಕ್ಕ ಮೈಕ್ರಾನಿನದು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನದು. ಒಂದು ಮೀಟರ್ ಉದ್ದದ ಉಕ್ಕಿನ ಸರಳು 20 ಡಿಗ್ರಿಯಿಂದ ಸೊಲ್ಲಾಪುರದ ಬೇಸಿಗೆಯ 40 ಡಿಗ್ರಿಗೆ ಬಂದಾಗ ಸುಮಾರು 230 ಮೈಕ್ರಾನ್ ಹಿಗ್ಗುತ್ತದೆ. ಕಣ್ಣಿಗೆ ಅದು ಏನೂ ಅಲ್ಲ. ಕೂಡಬೇಕಾದ ಎರಡು ಭಾಗಗಳಿಗೆ ಬಹಳ. ಆದುದರಿಂದಲೇ ಜಗತ್ತಿನಾದ್ಯಂತ ಇಂಥ ಅಳತೆಗಳನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿ ಲೆಕ್ಕಿಸುವ ಕಟ್ಟುಪಾಡಿದೆ.

ಉಷ್ಣದಿಂದ ಲೋಹ ಹಿಗ್ಗುತ್ತದೆ ಎಂಬ ಪಾಠ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿಯೂ ಇದೆ. ಅದನ್ನು ಕನ್ನಡದಲ್ಲಿ ಕಲಿತವರಿಗೆ ಲೋಹವೇನೂ ಬೇರೆಯಾಗಿ ಹಿಗ್ಗುವುದಿಲ್ಲ. ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಮುಂದೆ ಕಲಿಯಬೇಕಾದೀತು; ಆದರೆ ಕಾರಣ ತಿಳಿದವರಿಗೆ ಹೆಸರು ಕಲಿಯುವುದು ಕಷ್ಟವಲ್ಲ. ಕಾರ್ಖಾನೆಯಲ್ಲಿ ಮೈಕ್ರೋಮೀಟರ್ ಹಿಡಿಯುವ ತಂದೆ, ಮನೆಯಲ್ಲಿ ಆ ಪಾಠ ಓದುವ ಮಗಳು, ಇಬ್ಬರ ಕೈಯಲ್ಲಿರುವುದೂ ಒಂದೇ ವಿದ್ಯೆ. ಧ್ರುವದ ಮೇಲೆ ಹಾರಿದ ವಿಮಾನ ನೆಚ್ಚಿಕೊಂಡದ್ದೂ ಅದನ್ನೇ.