ಸಬ್ಸಿಡಿ ದುಡ್ಡು ಯಾರ ಜೇಬಿಗೆ? ಪಟ್ಟಿ ಗೋಡೆಗೆ ಹಚ್ಚಿ!

ಅಂಗಡಿ ಇಟ್ಟವರನ್ನು ಕೇಳಿ ನೋಡಿ. ಉದ್ರಿ ಪುಸ್ತಕವಿಲ್ಲದೆ ಒಂದು ದಿನ ವ್ಯಾಪಾರ ನಡೆದೀತೇ? ಯಾರಿಗೆ ಕೊಟ್ಟೆ, ಎಷ್ಟು ಕೊಟ್ಟೆ, ಎಂದು ಕೊಟ್ಟೆ ಎಲ್ಲವನ್ನೂ ಬರೆದಿಡಲೇಬೇಕು. ಸರ್ಕಾರವೂ ರೈತರ ಹೆಸರಿನಲ್ಲಿ ಹಣ ಹಂಚುತ್ತದೆ, ಪುಸ್ತಕವನ್ನೂ ಬರೆಯುತ್ತದೆ. ಆದರೆ ಆ ಪುಸ್ತಕ ಊರಿನವರ ಕಣ್ಣಿಗೆ ಬೀಳೋದೇ ಅಪರೂಪ, ಸ್ವಾಮಿ!

ಪಿಎಂ ಕಿಸಾನ್ ಯೋಜನೆಯನ್ನೇ ತಗೊಳ್ಳಿ. 2019ರ ಫೆಬ್ರವರಿ 24ರಂದು ಶುರುವಾಯಿತು. ಜಮೀನುಳ್ಳ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ, ಸೀದಾ ಬ್ಯಾಂಕ್ ಖಾತೆಗೆ. ಆದಾಯ ತೆರಿಗೆ ಕಟ್ಟುವವರಿಗೆ, ಶಾಸಕ-ಸಂಸದರಿಗೆ, ಡಾಕ್ಟರು-ವಕೀಲರಿಗೆ ಇಲ್ಲ ಅಂತ ನಿಯಮ.

ಆದರೆ ನಡೆದದ್ದೇನು? ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೇಂದ್ರ ಕೃಷಿ ಸಚಿವಾಲಯ ಕೊಟ್ಟ ಉತ್ತರ 2021ರ ಜನವರಿಯಲ್ಲಿ ಹೊರಬಿತ್ತು. 2020ರ ಜುಲೈವರೆಗೆ 20.48 ಲಕ್ಷ ಅನರ್ಹರ ಖಾತೆಗೆ 1,364 ಕೋಟಿ ರೂಪಾಯಿ ಹೋಗಿತ್ತು! ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆ ಕಟ್ಟುವವರೇ. ಪಕ್ಕದ ತಮಿಳುನಾಡಿನಲ್ಲಿ 2020ರಲ್ಲಿ ಅಧಿಕಾರಿಗಳ ಪಾಸ್‌ವರ್ಡು ದಲ್ಲಾಳಿಗಳ ಕೈ ಸೇರಿ, 5 ಲಕ್ಷಕ್ಕೂ ಹೆಚ್ಚು ಅನರ್ಹರ ಹೆಸರು ಪಟ್ಟಿಗೆ ನುಗ್ಗಿತು. ಸೋರಿದ್ದು 110 ಕೋಟಿಗೂ ಮೇಲೆ. ಇತ್ತ ಗೇಣಿಗೆ ಉಳುವವನಿಗೆ ಪಹಣಿಯಲ್ಲಿ ಹೆಸರಿಲ್ಲ, ಹಾಗಾಗಿ ಬಿಡಿಗಾಸೂ ಇಲ್ಲ.

ತಪ್ಪು ಪತ್ತೆ ಹಚ್ಚಲು ದಿಲ್ಲಿಯ ಕಂಪ್ಯೂಟರಿಗೆ ತಿಂಗಳುಗಟ್ಟಲೆ ಬೇಕಾಯಿತು. ಅರಳಿಕಟ್ಟೆ ಮೇಲೆ ಕೂತವರಿಗೆ ಪಟ್ಟಿ ಓದಿ ಹೇಳಿದ್ದರೆ ಗಳಿಗೆಯಲ್ಲೇ ಗೊತ್ತಾಗುತ್ತಿತ್ತು. ಯಾರಿಗೆ ಎಷ್ಟು ಜಮೀನಿದೆ, ಯಾರು ಪೇಟೆಯಲ್ಲಿ ಡಾಕ್ಟರಿಕೆ ಮಾಡ್ತಾರೆ ಎಂಬುದು ಊರಿಗೆ ಗೊತ್ತಿಲ್ಲದ್ದೇ?

ಪಟ್ಟಿ ಜಾಲತಾಣದಲ್ಲಿ ಇದೆಯಲ್ಲ ಅಂತಾರೆ ಸಾಹೇಬರು. ಇದೆ, ನಿಜ. ಜಿಲ್ಲೆ, ತಾಲೂಕು, ಊರು ಅಂತ ಒಂದೊಂದೇ ಒತ್ತಿ ಹುಡುಕಬೇಕು. ಕಳೆ ಕಿತ್ತು ಮನೆಗೆ ಬಂದ ಅಜ್ಜಿ ಅದನ್ನೆಲ್ಲಿ ಒತ್ತುತ್ತಾಳೆ?

ಕಾಯಿದೆ ಏನು ಹೇಳುತ್ತದೆ ಗೊತ್ತೇ? 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೇ ಕಲಮಿನ ಪ್ರಕಾರ ಸಬ್ಸಿಡಿ ಹಣ ಎಷ್ಟು, ಪಡೆದವರ ವಿವರ ಏನು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸುವ ದಾರಿಗಳಲ್ಲಿ ನೋಟಿಸ್ ಬೋರ್ಡಿನ ಹೆಸರೇ ಮೊದಲು, ಇಂಟರ್‌ನೆಟ್ ಆಮೇಲೆ. ಸ್ಥಳೀಯ ಭಾಷೆಯನ್ನೂ ಗಮನದಲ್ಲಿಡಬೇಕು ಎಂದಿದೆ.

ಬಡವರ ಮಾನ ಬೀದಿಗೆ ಬರೋದಿಲ್ಲವೇ ಅನ್ನುವವರಿದ್ದಾರೆ. ಮಾತಿನಲ್ಲಿ ಅರ್ಥವಿದೆ. ಆಧಾರ್, ಫೋನ್, ಬ್ಯಾಂಕ್ ಖಾತೆಯ ನಂಬರು ಯಾರಿಗೂ ಬೇಡ. ಹೆಸರು, ಊರು, ಮೊತ್ತ ಸಾಕು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದ ಮೇಲೆ ‘ಖಾಸಗಿ ಮಾಹಿತಿ, ಕೊಡಲಾಗದು’ ಎಂಬ ಸಬೂಬಿಗೆ ಬಲ ಬಂದಿದೆ. ಆದರೆ ನಾಲ್ಕನೇ ಕಲಮನ್ನು ಅದು ಮುಟ್ಟಿಲ್ಲ. ನೆನಪಿರಲಿ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಪಟ್ಟಿ ಓದಿಸಿ. ಓದದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ನೀವು ಕೊಂಡ ಸೋಪಿನ ಮೇಲಿನ ತೆರಿಗೆಯೂ ಆ ಹಣದಲ್ಲಿ ಸೇರಿದೆ. ಲೆಕ್ಕ ಕೇಳೋದಕ್ಕೆ ನಾಚಿಕೆ ಯಾಕೆ?