ಬುಟ್ಟಿಯೇರದೆ ಕಂಡ ಪರಿಷೆ

ಆವನಿಯ ದೇವಾಲಯಗಳನ್ನು ನೋಡಬೇಕೆನ್ನುವವರು ಜನವಿಲ್ಲದ ದಿನ ಹೋಗಬೇಕು. ಆವನಿಯ ಸೀಮೆಯನ್ನು ನೋಡಬೇಕೆನ್ನುವವರು ಶಿವರಾತ್ರಿಯ ಪರಿಷೆಗೆ ಹೋಗಬೇಕು. ಚಳಿಯು ಹೋಗಲೋ ಇರಲೋ ಎಂದು ಅನುಮಾನಿಸುವ ಕಾಲವದು. ಬೆಟ್ಟದ ಬುಡದ ಬಯಲಿನಲ್ಲಿ ಮೊದಲು ದನಗಳ ಜಾತ್ರೆ ಕೂಡುತ್ತದೆ. ಹಬ್ಬ ಕಳೆದ ಮೇಲೆ ರಾಮಲಿಂಗೇಶ್ವರನ ತೇರು. ತೇರಿನ ನೂಕುನುಗ್ಗಲಿಗೆ ಮುಂಚೆಯೇ ಒಂದು ದಿನ, ಪದವಿ ತರಗತಿಯ ನಾಲ್ವರು ವಿದ್ಯಾರ್ಥಿಗಳೊಡನೆ ಮುಳಬಾಗಿಲಿನಿಂದ ಬೆಳಗಿನ ಬಸ್ಸಿಗೆ ಹೊರಟೆನು.

ಅವರಲ್ಲೊಬ್ಬನು ಸಂಕ್ರಾಂತಿಯ ರಜೆಯಲ್ಲಿ ಪೊಳ್ಳಾಚಿಗೆ ಹೋಗಿ ಬಿಸಿಗಾಳಿಯ ಬಲೂನುಗಳ ಉತ್ಸವವನ್ನು ಕಂಡು ಬಂದಿದ್ದನು. ತಮಿಳುನಾಡಿನ ಆ ಊರಿನಲ್ಲಿ ಈ ಉತ್ಸವವು 2015ರಲ್ಲಿ ಆರಂಭವಾದದ್ದು. ದಾರಿಯುದ್ದಕ್ಕೂ ಅವನದು ಅದೇ ವರ್ಣನೆ. ಹೊರಗಿನ ಗಾಳಿ ತಣ್ಣಗಿದ್ದಷ್ಟೂ ಭಾರ, ಒಳಗಿನ ಗಾಳಿ ಕಾದಷ್ಟೂ ಹಗುರ. ಆದುದರಿಂದಲೇ ಬಲೂನಿಗೆ ಚಳಿಗಾಲದ ಮುಂಜಾವು ಒಳ್ಳೆಯ ಹೊತ್ತು. ಅದಕ್ಕೆ ಚುಕ್ಕಾಣಿಯಿಲ್ಲ. ಏರಬಹುದು, ಇಳಿಯಬಹುದು, ಎತ್ತ ಹೋಗಬೇಕೆಂಬುದು ಆಯಾ ಎತ್ತರದ ಗಾಳಿಯ ಚಿತ್ತ. ನಾನೂ ನನಗೆ ತಿಳಿದಷ್ಟನ್ನು ಸೇರಿಸಿದೆನು. 1783ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಸಹೋದರರು ವರ್ಸೇಲ್ಸಿನಲ್ಲಿ ದೊರೆಯ ಮುಂದೆ ಬಲೂನನ್ನು ಹಾರಿಸಿದಾಗ ಅದರಲ್ಲಿ ಕುಳಿತವರು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ. ಮನುಷ್ಯರು ಹಗ್ಗದ ಕಟ್ಟಿಲ್ಲದೆ ಹಾರಿದುದು ಆ ನವೆಂಬರಿನಲ್ಲಿ. “ಹಾಗಾದರೆ ಅದೂ ದನಗಳ ಜಾತ್ರೆಯೇ, ಸಾರ್” ಎಂದು ಹುಡುಗಿಯೊಬ್ಬಳು ನಕ್ಕಳು.

ಬಯಲಿನಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಹುಲ್ಲಿನ ಹೊಗೆ, ಸಗಣಿಯ ವಾಸನೆ, ಕನ್ನಡ ತೆಲುಗುಗಳು ಬೆರೆತ ಚೌಕಾಸಿ. ಹಣವುಳ್ಳವರು ಚಪ್ಪರ ಹಾಕಿ, ಹಳ್ಳಿಕಾರ್ ಹೋರಿಗಳಿಗೆ ಹೂವು ಮುಡಿಸಿ ಮೆರೆಸುತ್ತಿದ್ದರು. ಉಳಿದವರು ಗೂಟದ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಎತ್ತಿನ ವಯಸ್ಸನ್ನು ಇಲ್ಲಿ ವರ್ಷದಲ್ಲಿ ಹೇಳುವುದಿಲ್ಲ, ಹಲ್ಲಿನಲ್ಲಿ ಹೇಳುತ್ತಾರೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕಡೆಗೆ ಬಾಯಿಗೂಡಿದ್ದು. ನಿಘಂಟು ಕೊಳ್ಳಲು ಬೆಂಗಳೂರಿಗೆ ಓಡುವ ನಮ್ಮ ವಿದ್ಯಾರ್ಥಿಗಳು ಒಮ್ಮೆ ಇಲ್ಲಿ ಕುಳಿತು ಕೇಳಬಾರದೇ ಎನಿಸಿತು.

ಬಿಸಿಲೇರುವ ಮುನ್ನ ಬೆಟ್ಟ ಹತ್ತಿದೆವು. ವಾಲ್ಮೀಕಿಯ ಆಶ್ರಮವಿದ್ದುದು ಇಲ್ಲಿಯೇ, ಲವಕುಶರು ಹುಟ್ಟಿದುದು ಇಲ್ಲಿಯೇ ಎಂಬುದು ಜನರ ನಂಬಿಕೆ; ನೆತ್ತಿಯ ಮೇಲೆ ಸೀತೆಯ ಗುಡಿಯಿದೆ. ಶಾಸನಗಳ ಆವನಿ ಬೇರೆ. ನೊಳಂಬರ ಕಾಲದಲ್ಲಿ ತ್ರಿಭುವನಕರ್ತನೆಂಬ ಶೈವ ಯತಿಯು ನಲವತ್ತು ವರ್ಷ ಈ ಸ್ಥಾನವನ್ನು ಆಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, 961ರಲ್ಲಿ ತೀರಿಕೊಂಡನೆಂದು ಶಾಸನ ಹೇಳುತ್ತದೆ. ನದಿಯ ನೀರನ್ನು ನೆಚ್ಚಲಾಗದ ಸೀಮೆಯಲ್ಲಿ ನನಗೆ ಆ ಐವತ್ತಕ್ಕಿಂತ ಈ ಎರಡೇ ದೊಡ್ಡವಾಗಿ ಕಾಣುತ್ತವೆ.

ಮೇಲಿನಿಂದ ಜಾತ್ರೆಯು ಕಣದಲ್ಲಿ ಹರವಿದ ಕಾಳಿನಂತಿತ್ತು. “ಬುಟ್ಟಿಯಿಂದ ನೋಡಿದರೂ ಹೀಗೆಯೇ ಕಾಣುವುದು” ಎಂದನು ಪೊಳ್ಳಾಚಿಯ ಯಾತ್ರಿಕ. ರೈತರ ಮನೆಯ ಹುಡುಗನು ಮಾತಾಡದೆ ನೋಡುತ್ತಿದ್ದವನು, “ನಡುನಡುವೆ ಎಷ್ಟು ನೆಲ ಕಾಣುತ್ತದೆ, ಸಾರ್! ನಮ್ಮ ತಾತ ಹೇಳುತ್ತಿದ್ದ ಪರಿಷೆಯಲ್ಲಿ ಕಾಲಿಡಲು ಜಾಗವಿರಲಿಲ್ಲ” ಎಂದನು. ಕೆಳಗೆ ನೂಕಾಡುತ್ತಿದ್ದಾಗ ನಮಗೆ ಕಾಣದಿದ್ದ ತೆರಪುಗಳು ಅವು. ಉಳುಮೆ ಟ್ರ್ಯಾಕ್ಟರಿನ ಪಾಲಾಯಿತು. ಕೊಟ್ಟಿಗೆಯಲ್ಲಿ ಹಾಲಿನ ಸೀಮೆಹಸು ನಿಂತಿತು, ಅದರ ಗಂಡುಕರು ನೊಗಕ್ಕೆ ಒಗ್ಗುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಸರ್ಕಾರವು ರಾಜ್ಯದಲ್ಲಿ ದನಗಳ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಒಮ್ಮೆ ಅಭ್ಯಾಸ ತಪ್ಪಿದವರೆಲ್ಲರೂ ಮರಳಿ ಬರುವರೆಂದು ಹೇಳಲಾಗದು.

ಇಳಿದು ಬಂದಾಗ ಶ್ರೀನಿವಾಸಪುರದ ಕಡೆಯ ಮುದುಕರೊಬ್ಬರ ಬಳಿ ನಿಂತೆವು. ಆರು ಹಲ್ಲಿನ ಬಿಳಿಯ ಜೋಡಿ, ಕೊರಳಲ್ಲಿ ಗೆಜ್ಜೆಸರ. “ಮಗ ಟ್ರಾಕ್ಟರ್ ತಂದವ್ನೆ, ಮೇಷ್ಟ್ರೇ. ಇವುಕ್ಕೆ ಮೇವು ಹಾಕೋರು ಯಾರು? ಆದ್ರೂ ಉಳೋರ ಮನೆಗೇ ಹೋಗ್ಲಿ ಅಂತ ಮೂರು ದಿನದಿಂದ ಕೂತಿವ್ನಿ” ಎಂದರು. ಹೆಚ್ಚು ಬೆಲೆ ಹೇಳಿದ ಇಬ್ಬರನ್ನು ಹಿಂದಕ್ಕೆ ಕಳುಹಿಸಿದ್ದರಂತೆ.

ಮಧ್ಯಾಹ್ನ ದಲ್ಲಾಳಿಯು ಒಬ್ಬ ನಡುವಯಸ್ಸಿನ ರೈತನನ್ನು ಕರೆತಂದನು. ಬಂದವನು ಎತ್ತಿನ ಬಾಯಿ ತೆರೆಸಿದನು, ಸುಳಿ ನೋಡಿದನು, ನಾಲ್ಕು ಹೆಜ್ಜೆ ನಡೆಸಿದನು. ಮುದುಕರು ನೋಡುತ್ತಿದ್ದುದು ಅವನ ಅಂಗೈಯನ್ನು. “ಹೊಲ ಎಷ್ಟೈತಪ್ಪ?” “ಮೂರೆಕರೆ, ತಾತ. ರಾಗಿ, ಅವರೆ. ಟ್ರಾಕ್ಟರ್ ತಿರುಗಾಕೆ ಜಾಗ ಇಲ್ಲ.” ಅನಂತರ ದಲ್ಲಾಳಿಯ ಟವಲಿನ ಕೆಳಗೆ ಕೈ ಕೈಗಳು ಸೇರಿದುವು. ಬೆರಳುಗಳು ಏನು ಕೇಳಿದುವೋ ಏನು ಬಿಟ್ಟುಕೊಟ್ಟುವೋ, ಹೊರಗಿದ್ದ ನಮಗೆ ತಿಳಿಯುವಂತಿರಲಿಲ್ಲ. ಟವಲು ಸರಿದಾಗ ಮುದುಕರು ತಲೆಯಾಡಿಸಿದರು.

ಹಣವನ್ನು ಎಣಿಸದೆ ಒಳಜೇಬಿಗೆ ಸೇರಿಸಿ, ಎರಡೂ ಕೊರಳುಗಳಿಂದ ಗೆಜ್ಜೆಸರವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಜೋಡಿಯು ಮುಳಬಾಗಿಲಿನ ರಸ್ತೆಗೆ ತಿರುಗಿತು. ಅವರು ಒಂದಷ್ಟು ದೂರ ಹಿಂದೆಯೇ ಹೋಗಿ, ಎಡಗಡೆಯ ಎತ್ತಿಗೆ ಬಲಗಡೆ ಕಟ್ಟಿದರೆ ಹಟವೆಂದು ಕೊಂಡವನಿಗೆ ಕೂಗಿ ಹೇಳುತ್ತಿದ್ದರು.